ಕಾಲೇಜಿನ ಮೊದಲ ವರ್ಷ ಮತ್ತು ಬೇರೆ ತಟ್ಟೆ



ಡಿಗ್ರಿ ಕಾಲೇಜುಗಳ ಅಡ್ಮಿಷನ್ ಸಮಯ. ನಮ್ಮ ಕೇರಿಯ ಎಷ್ಟೋ ಮಕ್ಕಳು ಮೊದಲ ಸಲ ಊರು ಬಿಟ್ಟು ಹಾಸ್ಟೆಲ್ ಸೇರ್ತಿದ್ದಾರೆ. ಈ ಹೊತ್ತಿಗೆ ನಿಮಗೊಂದು ಹಳೇ ಚರಿತ್ರೆ ಹೇಳಬೇಕು. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

1838. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಈಸ್ಟನ್ ಊರು. ಅಲ್ಲಿ ಲಫಾಯೆಟ್ ಅಂತ ಒಂದು ಪುಟ್ಟ ಕಾಲೇಜು, ಪಾಠ ಶುರುವಾಗಿ ಆರೇ ವರ್ಷ ಆಗಿತ್ತು. ಅಲ್ಲಿಗೆ ನ್ಯೂ ಆರ್ಲಿಯನ್ಸ್‌ನಿಂದ ಇಬ್ಬರು ಕಪ್ಪು ಯುವಕರು ಬಂದರು, ಡೇವಿಡ್ ಮತ್ತು ವಾಷಿಂಗ್ಟನ್. ಇಬ್ಬರೂ ಜಾನ್ ಮ್ಯಾಕ್‌ಡೊನೊ ಎಂಬ ಶ್ರೀಮಂತನ ಗುಲಾಮರು. ಹೆಸರಿನ ಹಿಂದೆ ಇದ್ದದ್ದೂ ಒಡೆಯನದೇ ಹೆಸರು. ಅವರು ಬಿಟ್ಟು ಬಂದ ಲೂಸಿಯಾನಾದಲ್ಲಿ ಗುಲಾಮರಿಗೆ ಓದು ಕಲಿಸಿದರೆ ಜೈಲು ಅಂತ 1830ರಲ್ಲೇ ಕಾನೂನು ಆಗಿತ್ತು.

ಹಾಗಾದ್ರೆ ಒಡೆಯ ಓದಿಸಿದ್ದು ಯಾಕೆ? ಪ್ರೀತಿಗಲ್ಲ. ಇವರನ್ನು ಮಿಷನರಿ ಮಾಡಿ ಆಫ್ರಿಕಾದ ಲೈಬೀರಿಯಾಕ್ಕೆ ಕಳಿಸೋದು ಅವನ ಯೋಜನೆ. ಓದಲಿ, ಆದ್ರೆ ನಮ್ಮ ನಡುವೆ ಇರೋದು ಬೇಡ ಅಂತ ಅರ್ಥ.

ಕಾಲೇಜು ಸೇರಿಸಿಕೊಂಡಿತು ನಿಜ. ಆದರೆ ವಾಸ ಬೇರೆ, ಊಟ ಬೇರೆ, ಪಾಠ ಕೂಡ ಬಿಳಿಯ ಹುಡುಗರಿಂದ ಬೇರೆ. ಆ ನೋವನ್ನು ಡೇವಿಡ್ ಒಡೆಯನಿಗೆ ಬರೆದ ಪತ್ರಗಳಲ್ಲಿ ಹೇಳಿಕೊಂಡಿದ್ದಾನೆ. ಆಗ ಅವನಿಗೆ ಹದಿನೇಳರ ಆಸುಪಾಸು. ನಮ್ಮ ಮಕ್ಕಳು ಫಸ್ಟ್ ಇಯರ್ ಸೇರೋ ವಯಸ್ಸೇ ಅಲ್ವಾ?

ಇದು ದೂರದ ದೇಶದ ಕಥೆ ಅನ್ನಬೇಡಿ. ನಮ್ಮ ಧಾರವಾಡಕ್ಕೆ ಬನ್ನಿ. 1856ರ ಜೂನ್‌ನಲ್ಲಿ ಒಬ್ಬ ಮಹಾರ್ ಹುಡುಗ ಬೊಂಬಾಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಫೀಸು ಕಟ್ತೀನಿ ಅಂದರೂ ಅಲ್ಲಿನ ಸರ್ಕಾರಿ ಶಾಲೆ ಅವನನ್ನು ಸೇರಿಸಿಕೊಂಡಿರಲಿಲ್ಲ. ಸರ್ಕಾರ ಏನು ಉತ್ತರ ಕೊಟ್ಟಿತು ಗೊತ್ತಾ? ನ್ಯಾಯ ಹುಡುಗನ ಕಡೆಗಿದೆ ಅಂತ ಒಪ್ಪಿಕೊಂಡಿತು. ಆದರೆ ಒಬ್ಬನಿಗೋಸ್ಕರ ಶಾಲೆಯನ್ನು ಉಳಿದವರಿಗೆ ನಿರುಪಯೋಗ ಮಾಡೋಕಾಗಲ್ಲ ಅಂದಿತು. ದಿನಾ ಫೈಲು ನೋಡೋ ಗುಮಾಸ್ತ ನಾನು, ಈ ಭಾಷೆ ನನಗೆ ಚೆನ್ನಾಗಿ ಗೊತ್ತು. ಬಾಗಿಲು ಹಾಕೋರು ಬೈಯೋದೇ ಇಲ್ಲ, ವಿನಯದಿಂದಲೇ ಬರೀತಾರೆ. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲ ವರ್ಗದವರಿಗೂ ಸೇರಿದ್ದು ಅಂತ ಹೇಳಬೇಕಾಯ್ತು. ಹೇಳಿದ್ದು ಕಾಗದದಲ್ಲಿ ಉಳೀತು. ದಶಕಗಳ ನಂತರವೂ ಬಾಲಕ ಭೀಮರಾವ್ ತರಗತಿಯಲ್ಲಿ ಗೋಣಿಚೀಲದ ಮೇಲೆ ಕೂರಬೇಕಾಯ್ತು.

ಇನ್ನು ಡೇವಿಡ್ ಏನಾದ? ವಾಷಿಂಗ್ಟನ್ 1842ರಲ್ಲಿ ಲೈಬೀರಿಯಾಕ್ಕೆ ಹೋದ. ಡೇವಿಡ್ ಹೋಗಲ್ಲ ಅಂದ. ಡಾಕ್ಟರ್ ಆಗ್ತೀನಿ, ಇಲ್ಲೇ ಇರ್ತೀನಿ ಅಂದ. 1844ರಲ್ಲಿ ಆ ಕಾಲೇಜಿನ ಮೊದಲ ಕಪ್ಪು ಪದವೀಧರನಾದ. ಆಗಲೂ ಅವನಿಗೆ ಗುಲಾಮಗಿರಿಯಿಂದ ಬಿಡುಗಡೆ ಆಗಿರಲಿಲ್ಲ. ನ್ಯೂಯಾರ್ಕಿಗೆ ಹೋಗಿ ವೈದ್ಯ ಕಾಲೇಜಿನ ಪಾಠ ಕೇಳಿದ. ಆ ಕಾಲೇಜು ಅವನಿಗೆ ಡಿಗ್ರಿ ಕೊಡಲಿಲ್ಲ. ಆದರೂ ಕಣ್ಣಿನ ವೈದ್ಯನಾಗಿ ಹೆಸರು ಮಾಡಿದ. 1893ರಲ್ಲಿ ತೀರಿಕೊಂಡ. 1898ರಲ್ಲಿ ನ್ಯೂಯಾರ್ಕಿನಲ್ಲಿ ಅವನ ಹೆಸರಲ್ಲಿ ಒಂದು ಆಸ್ಪತ್ರೆ ಶುರುವಾಯ್ತು, ಬಣ್ಣ ನೋಡದೆ ಎಲ್ಲರನ್ನೂ ಸೇರಿಸಿಕೊಳ್ಳುವ ಆಸ್ಪತ್ರೆ.

ಆ ವೈದ್ಯ ಕಾಲೇಜು ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದ ಭಾಗವಾಯ್ತು. ಹೌದು, 1913ರಲ್ಲಿ ಬಾಬಾಸಾಹೇಬರು ಸೇರಿದ ಅದೇ ಕೊಲಂಬಿಯಾ. ಡೇವಿಡ್‌ಗೆ ಅದು ಡಿಗ್ರಿ ಕೊಟ್ಟಿದ್ದು 2018ರಲ್ಲಿ, ಸತ್ತು 125 ವರ್ಷ ಆದ ಮೇಲೆ.

ಇವರ ನೋವು ನಮ್ಮದೂ ಹೌದು ಅಂತ ಜೋತಿಬಾ ಫುಲೆಯವರಿಗೆ 1873ರಲ್ಲೇ ಗೊತ್ತಿತ್ತು. 'ಗುಲಾಮಗಿರಿ' ಪುಸ್ತಕವನ್ನು ಅವರು ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ.

ಸೀಟು ಸಿಕ್ಕಿತು ಅಂತ ನಾವು ಸಿಹಿ ಹಂಚಿ ಸುಮ್ಮನಾಗ್ತೀವಿ. ಸೇರಿಸಿಕೊಳ್ಳೋದು ಬೇರೆ, ಜೊತೆಗೆ ಕೂರಿಸಿಕೊಳ್ಳೋದು ಬೇರೆ. ಈಗ ಬೇರೆ ತಟ್ಟೆ ಇಡಲ್ಲ, ರ‍್ಯಾಂಕ್ ಎಷ್ಟು ಅಂತ ಕೇಳ್ತಾರೆ, ಸರ್‌ನೇಮ್ ಕೇಳ್ತಾರೆ, ರೂಮ್‌ಮೇಟ್ ರೂಮು ಬದಲಾಯಿಸ್ತಾನೆ. ಮಕ್ಕಳು ಮನೇಲಿ ಹೇಳಲ್ಲ, ಓದು ಬಿಡಿಸಿಬಿಟ್ಟಾರು ಅನ್ನೋ ಭಯ ಅವರಿಗೆ.

ಅದಕ್ಕೇ ಕೇಳ್ತೀನಿ. ನಿಮ್ಮ ಊರಿನ ಹಾಸ್ಟೆಲ್‌ಗೆ ಈ ತಿಂಗಳೇ ಒಂದು ಭಾನುವಾರ ಹೋಗಿ. ಮಾರ್ಕ್ಸ್ ಆಮೇಲೆ ಕೇಳಿ. ಯಾರ ಜೊತೆ ಊಟ ಮಾಡ್ತೀಯಾ ಮಗಾ ಅಂತ ಮೊದಲು ಕೇಳಿ. ನಿಮ್ಮ ನಂಬರ್ ಕೊಟ್ಟು ಬನ್ನಿ.

ಜೈ ಭೀಮ್.