‘ಸಂಸ್ಕಾರ’ ತೆಗೆದ ನೆಲ್ಲೂರಿನವರು

‘ಸಂಸ್ಕಾರ’ ಅಂದ ಕೂಡಲೇ ಕಾದಂಬರಿ ಬರೆದ ಅನಂತಮೂರ್ತಿ ನೆನಪಾಗ್ತಾರೆ, ಪ್ರಾಣೇಶಾಚಾರ್ಯರಾಗಿದ್ದ ಗಿರೀಶ್ ಕಾರ್ನಾಡ್ ನೆನಪಾಗ್ತಾರೆ. ಸಿನಿಮಾ ತೆಗೆದಿದ್ದು ಯಾರು ಅಂತ ಕೇಳಿದರೆ ಮಾತ್ರ ಎಲ್ಲರೂ ತಲೆ ಕೆರೆದುಕೊಳ್ತಾರೆ. ಅವರು ಪಟ್ಟಾಭಿರಾಮ ರೆಡ್ಡಿ. 1919ರಲ್ಲಿ ನೆಲ್ಲೂರಿನಲ್ಲಿ ಹುಟ್ಟಿದ ತೆಲುಗು ಕವಿ. ಶಾಂತಿನಿಕೇತನದಲ್ಲೂ ಅಮೆರಿಕದ ಕೊಲಂಬಿಯಾದಲ್ಲೂ ಓದಿದವರು, ಲೋಹಿಯಾ ಗೆಳೆಯರು. ತೆಲುಗಿನಲ್ಲಿ ‘ಪೆಳ್ಳಿನಾಟಿ ಪ್ರಮಾಣಾಲು’ ಥರದ ಚಿತ್ರ ನಿರ್ಮಿಸಿದ್ದ ಮನುಷ್ಯ, ಐವತ್ತರ ಹೊತ್ತಿಗೆ ತಮ್ಮದಲ್ಲದ ಭಾಷೇಲಿ ನಿರ್ದೇಶನಕ್ಕಿಳಿದರು. ಇದೇನು ಕಮ್ಮಿ ಧೈರ್ಯವೇ?

ಅಗ್ರಹಾರದಲ್ಲಿ ಆಚಾರ ಬಿಟ್ಟ ನಾರಣಪ್ಪ ಸಾಯ್ತಾನೆ. ಹೆಣ ಸುಡೋವರೆಗೆ ಯಾರೂ ಉಣ್ಣುವಂತಿಲ್ಲ. ಸುಡೋಕೆ ಯಾರೂ ಮುಂದೆ ಬರಲ್ಲ. ನಮ್ಮ ಶಿರಾ ತಾಲ್ಲೂಕಿನ ಗೌಡಗೆರೆ ಕಡೆ ಹೆಣ ಎತ್ತೋವರೆಗೆ ಸಾವಿನ ಮನೇಲಿ ಒಲೆ ಹಚ್ಚಲ್ಲ. ಹಾಗಾಗಿ ಆ ಹಸಿವು ನನಗೆ ತತ್ವಶಾಸ್ತ್ರ ಅನ್ನಿಸಲೇ ಇಲ್ಲ. ಕೊನೆಗೆ ರಾತ್ರೋರಾತ್ರಿ ಹೆಣ ಸುಡಿಸೋದು ನಾರಣಪ್ಪ ಇಟ್ಟುಕೊಂಡಿದ್ದ ಚಂದ್ರಿ. ಆ ಪಾತ್ರ ಮಾಡಿದ್ದು ನಿರ್ದೇಶಕರ ಹೆಂಡತಿ ಸ್ನೇಹಲತಾ ರೆಡ್ಡಿ.

ಜಾತಿ ಗಲಾಟೆ ಎದ್ದೀತು ಅನ್ನೋ ಅಂಜಿಕೆಗೆ ಮದರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ತಡೆಹಿಡಿಯಿತು. ಆಮೇಲೆ ದೆಹಲಿಯಿಂದ ಅನುಮತಿ ಸಿಕ್ಕಿ, ಅದೇ ಚಿತ್ರಕ್ಕೆ 1970ರ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಕನ್ನಡಕ್ಕೆ ಅದೇ ಮೊದಲು.

ರೆಡ್ಡಿಯವರ ಬಗ್ಗೆ ಬರೆಯೋರು ಸಾಮಾನ್ಯವಾಗಿ ಈ ನಿಷೇಧದ ಕಥೆ ಹೇಳಿ ನಿಲ್ಲಿಸ್ತಾರೆ. ನನಗೆ ಅದು ಸಣ್ಣ ಜಗಳ ಅನ್ನಿಸುತ್ತೆ, ಗೆದ್ದ ಜಗಳ ಬೇರೆ. ದೊಡ್ಡದು ತುರ್ತು ಪರಿಸ್ಥಿತಿಯಲ್ಲಿ ಬಂತು. ಜಾರ್ಜ್ ಫರ್ನಾಂಡಿಸ್ ಜೊತೆಗಿನ ಸ್ನೇಹಕ್ಕೆ, ಬರೋಡಾ ಡೈನಮೈಟ್ ಪ್ರಕರಣದ ಹೆಸರಲ್ಲಿ, 1976ರ ಮೇ ತಿಂಗಳಲ್ಲಿ ಸ್ನೇಹಲತಾ ಅವರನ್ನು ಹಿಡಿದು ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಹಾಕಿದರು. ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ! ಆದರೂ ‘ಮೀಸಾ’ ಕಾಯ್ದೆಯಡಿ, ವಿಚಾರಣೆಯೇ ಇಲ್ಲದೆ ಎಂಟು ತಿಂಗಳು ಒಳಗಿಟ್ಟರು. ಮೊದಲೇ ಆಸ್ತಮಾ. 1977ರ ಜನವರಿ 15ಕ್ಕೆ ಪೆರೋಲ್ ಮೇಲೆ ಬಿಟ್ಟರು, 20ಕ್ಕೆ ಅವರು ತೀರಿಕೊಂಡರು. ಮೆಜೆಸ್ಟಿಕ್ ಹತ್ತಿರ ನಾವು ಧರಣಿಗೆ ಸೇರೋ ಫ್ರೀಡಂ ಪಾರ್ಕ್ ಇದೆಯಲ್ಲ, ಅದೇ ಆ ಜೈಲು.

ಅದೇ ವರ್ಷ ರೆಡ್ಡಿಯವರ ‘ಚಂಡಮಾರುತ’ ತೆರೆಗೆ ಬಂತು. ಮುಂದೆ ‘ಶೃಂಗಾರ ಮಾಸ’, ‘ದೇವರ ಕಾಡು’ ತೆಗೆದರು. ಕವಿತೆ ಬರೆದಿದ್ದು ತೆಲುಗಲ್ಲಿ, ಸಿನಿಮಾ ನಿರ್ದೇಶಿಸಿದ್ದು ಕನ್ನಡದಲ್ಲಿ. 2006ರಲ್ಲಿ ತೀರಿಕೊಂಡಿದ್ದೂ ಬೆಂಗಳೂರಲ್ಲೇ.