ಕವಚದ ಒಳಗಿನ ಬನಿಯನ್

ನಮ್ಮ ಪುರಾಣಗಳಲ್ಲಿ ಕವಚದ ಒಳಗೆ ಏನು ಹಾಕಿಕೊಳ್ಳಬೇಕು ಅನ್ನೋ ತಲೆಬಿಸಿ ಇಲ್ಲದೆ ಬೆಳೆದವನು ಕರ್ಣ. ಅವನದು ಹುಟ್ಟಿನಿಂದಲೇ ಬಂದ ಕವಚ, ಮೈಗೆ ಅಂಟಿಕೊಂಡೇ ಇತ್ತು. ಉಳಿದ ಮನುಷ್ಯರಿಗೆಲ್ಲ ಕವಚಕ್ಕೂ ಚರ್ಮಕ್ಕೂ ನಡುವೆ ಒಂದು ಬಟ್ಟೆ ಬೇಕೇ ಬೇಕು. ಯುದ್ಧದ ಇತಿಹಾಸ ಬರೆದವರು ಕತ್ತಿ, ಕುದುರೆ, ಫಿರಂಗಿಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ, ಈ ಒಳಬಟ್ಟೆಗೆ ಸಿಕ್ಕಿದ್ದು ಒಂದೆರಡು ಸಾಲು. ಆದರೆ ಕವಚ ಮೈಮೇಲೆ ಇರುತ್ತೋ ಅಥವಾ ಸೆಕೆ ತಡೆಯಲಾರದೆ ಬಿಚ್ಚಿ ಜೀಪಿನ ಹಿಂದಿನ ಸೀಟಿಗೆ ಹೋಗುತ್ತೋ ಅನ್ನೋದನ್ನ ಎಷ್ಟೋ ಸಲ ತೀರ್ಮಾನಿಸೋದು ಈ ಬಟ್ಟೆಯೇ. ಸೀಟಿನ ಮೇಲಿರುವ ಕವಚ ಯಾರ ಜೀವವನ್ನೂ ಉಳಿಸೋದಿಲ್ಲ.

ನಮ್ಮೂರು ಮುಗದ. ಧಾರವಾಡ ಬಿಟ್ಟು ಅಳ್ನಾವರದ ಕಡೆ ಹೊರಟರೆ ಸಿಗುವ ಊರು. ನಮ್ಮ ಸುತ್ತಲಿನ ಹಳ್ಳಿಗಳಿಂದ ಸೇನೆಗೆ, ಅರೆಸೇನಾ ಪಡೆಗಳಿಗೆ, ಪೊಲೀಸಿಗೆ ಸೇರುವ ಹುಡುಗರು ಬಹಳ. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನಿಗೆ ಆನ್‌ಲೈನಲ್ಲಿ ಸಿಗೋದೆಲ್ಲ ಗೊತ್ತಿರುತ್ತೆ ಅನ್ನೋದು ಅವರ ನಂಬಿಕೆ. ಹಾಗಾಗಿ ಆಗಾಗ ಒಂದು ಮೆಸೇಜ್ ಬರುತ್ತೆ: “ಅಣ್ಣಾ, ಜಾಕೆಟ್ ಒಳಗ ಹಾಕ್ಕೊಳ್ಳಾಕ ಯಾವ ಟೀ-ಶರ್ಟ್ ಚೊಲೊ? ಕಾಟನ್ನೋ, ಡ್ರೈ-ಫಿಟ್ಟೋ?” ನನಗೂ ನಿಮಗೂ ಡ್ರೈ-ಫಿಟ್ ಅಂದರೆ ಭಾನುವಾರದ 10ಕೆ ಓಟದಲ್ಲಿ ಪುಕ್ಕಟೆ ಸಿಗುವ ಬಟ್ಟೆ. ಅವರ ಪ್ರಶ್ನೆಗೆ ಮಾತ್ರ ಕೆಲವು ನೂರು ವರ್ಷಗಳ ಇತಿಹಾಸ ಇದೆ.

ವಿಜಯನಗರದಿಂದ ಶುರು ಮಾಡೋಣ. ಸುಮಾರು 1520ರ ಹೊತ್ತಿಗೆ, ಕೃಷ್ಣದೇವರಾಯ ಆಳುತ್ತಿದ್ದಾಗ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ರಾಜಧಾನಿಗೆ ಬಂದಿದ್ದ. ರಾಯನ ಸೈನ್ಯದ ಮೆರವಣಿಗೆ ನೋಡಿದ ಅವನು ಕುದುರೆ ಸವಾರರ ಅಂಗಿಗಳನ್ನು ಗಮನವಿಟ್ಟು ವರ್ಣಿಸಿದ್ದಾನೆ. ಹೊರಗಿಂದ ಮಖಮಲ್ಲು, ಜರತಾರಿ, ರೇಷ್ಮೆ. ಒಳಗೆ ಗಟ್ಟಿ ತೊಗಲಿನ ಪದರಗಳು, ಅವುಗಳ ಜೊತೆ ಕಬ್ಬಿಣದ ತಗಡುಗಳು. ಇಂದಿನ ಬುಲೆಟ್‌ಪ್ರೂಫ್ ಜಾಕೆಟ್ಟಿನ ಅಂಗರಚನೆಯೂ ಹೆಚ್ಚುಕಮ್ಮಿ ಇದೇ. ಮೇಲೊಂದು ಬಟ್ಟೆಯ ಚೀಲ, ಒಳಗೆ ಮೆತ್ತನೆಯ ಪದರಗಳು, ಅದರ ಮುಂದೆ ಗಟ್ಟಿ ಪ್ಲೇಟು.

ಲೋಹದ ತಗಡು ಕೊಳ್ಳಲಾಗದ ಸಿಪಾಯಿಗೆ ಹತ್ತಿಯೇ ಗತಿ. ಪದರ ಪದರವಾಗಿ ಬಟ್ಟೆ ಇಟ್ಟು, ನಡುವೆ ಹತ್ತಿ ತುಂಬಿ, ಒತ್ತೊತ್ತಾಗಿ ಹೊಲಿದ ದಪ್ಪ ಅಂಗಿ. ಉತ್ತರ ಕರ್ನಾಟಕದವರಿಗೆ ಇದನ್ನ ವಿವರಿಸೋದು ಸುಲಭ: ಅಜ್ಜಿ ಹೊಲಿದ ಕೌದಿಗೆ ತೋಳು ಹಚ್ಚಿದರೆ ಹೇಗೋ ಹಾಗೆ. ನಮ್ಮ ಮುಗದ ಭತ್ತದ ಸೀಮೆ. ಆದರೆ ಧಾರವಾಡ ದಾಟಿ ಮೂಡಲಕ್ಕೆ ಹೋದರೆ ನವಲಗುಂದ, ಅಣ್ಣಿಗೇರಿಯ ಎರೆ ಹೊಲಗಳು, ಅಲ್ಲಿಂದಾಚೆ ಬೆಳವಲದುದ್ದಕ್ಕೂ ಹತ್ತಿ. ದಖ್ಖನ್ನಿನ ಸಿಪಾಯಿಯ ರಕ್ಷಣೆಯ ಕಚ್ಚಾಮಾಲು ಇಂಥ ಕರಿನೆಲದಲ್ಲೇ ಬೆಳೆಯುತ್ತಿತ್ತು.

ಯುರೋಪಿನ ನೈಟ್‌ಗಳೂ ಉಕ್ಕಿನ ಬಳೆಗಳ ಕವಚದ ಕೆಳಗೆ ಹತ್ತಿ ತುಂಬಿದ ಅಂಗಿ ತೊಡುತ್ತಿದ್ದರು. ಅದರ ಹೆಸರು ‘ಆಕೆಟನ್’. ಅರಬ್ಬಿ ಭಾಷೆಯ ‘ಅಲ್-ಕುತ್ನ್’, ಅಂದರೆ ಹತ್ತಿ, ಅನ್ನೋದರಿಂದ ಬಂದ ಪದ. ‘ಕಾಟನ್’ ಕೂಡ ಅದೇ ಬೇರಿನದು. ಮೆಕ್ಸಿಕೊಗೆ 1519ರಲ್ಲಿ ನುಗ್ಗಿದ ಸ್ಪೇನಿನ ಸೈನಿಕರಲ್ಲಿ ಬಹಳ ಮಂದಿ ತಮ್ಮ ಉಕ್ಕಿನ ಬದಲು ಅಲ್ಲಿನ ಜನ ತೊಡುತ್ತಿದ್ದ ಹತ್ತಿಯ ಕವಚವನ್ನೇ ಹಾಕಿಕೊಂಡರು. ಎದುರಿಗಿದ್ದ ಬಾಣಗಳಿಗೆ ಅಷ್ಟು ಸಾಕಿತ್ತು, ಬಿಸಿಲಿಗೂ ತಡೆಯುತ್ತಿತ್ತು.

ಹತ್ತಿಗೂ ಮಿತಿ ಇತ್ತು. ಅದು ಬಯಲಾಗಿದ್ದು ಕೊರಿಯಾದಲ್ಲಿ. ಫ್ರೆಂಚರ ದಾಳಿಯ ನಂತರ, 1860ರ ದಶಕದಲ್ಲಿ, ಕೊರಿಯನ್ನರು ಹತ್ತಾರು ಪದರ ಹತ್ತಿ ಬಟ್ಟೆ ಸೇರಿಸಿ ಬಂದೂಕಿನ ಗುಂಡು ತಡೆಯುವ ಅಂಗಿ ಹೊಲಿದರು. ಇತಿಹಾಸದ ಮೊದಲ ಬುಲೆಟ್‌ಪ್ರೂಫ್ ಜಾಕೆಟ್‌ಗಳಲ್ಲಿ ಒಂದು ಅಂತ ಅದನ್ನ ಕರೀತಾರೆ. 1871ರ ಬೇಸಿಗೆಯಲ್ಲಿ ಅಮೆರಿಕನ್ ನೌಕಾಪಡೆಯ ಎದುರು ಅದನ್ನ ತೊಟ್ಟವರು ಸೆಕೆಯಲ್ಲಿ ಬೆಂದುಹೋದರು. ಫಿರಂಗಿಯ ಸಿಡಿಚೂರು ತಾಗಿದರೆ ಹತ್ತಿಗೆ ಬೆಂಕಿಯೂ ಹತ್ತುತ್ತಿತ್ತು. ಬೆವರು ಮತ್ತು ಬೆಂಕಿ: ಕವಚದೊಳಗಿನ ಬಟ್ಟೆಯ ಕತೆ ಇಂದಿಗೂ ಈ ಎರಡರ ನಡುವೆಯೇ ಓಡಾಡ್ತಾ ಇದೆ.

ಬೆವರಿನ ಲೆಕ್ಕ ಅರ್ಥ ಆಗಬೇಕಂದ್ರೆ ಮುಗದದ ಕುಂಬಾರರ ಹತ್ತಿರ ಹೋಗಬೇಕು. ಮಣ್ಣಿನ ಹರವಿಯ ಮೈಯಲ್ಲಿ ಸಣ್ಣ ರಂಧ್ರಗಳಿರುತ್ತವೆ. ಅವುಗಳಿಂದ ಜಿನುಗಿದ ನೀರು ಹೊರಗಿನ ಗಾಳಿಗೆ ಆವಿಯಾಗುತ್ತೆ, ಆವಿಯಾಗುವಾಗ ಹರವಿಯ ಶಾಖವನ್ನ ತನ್ನ ಜೊತೆ ಒಯ್ಯುತ್ತೆ, ಒಳಗಿನ ನೀರು ತಂಪಾಗುತ್ತೆ. ನಮ್ಮ ಮೈಯೂ ಅಷ್ಟೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊರಗೆ ಹೋಗುತ್ತೆ. ಆದರೆ ಬೆವರು ಆವಿಯಾಗದೆ ಹಾಗೇ ತೊಟ್ಟಿಕ್ಕಿದರೆ ತಂಪಾಗೋದು ತೀರಾ ಕಮ್ಮಿ. ಈಗ ಅದೇ ಹರವಿಗೆ ಸುತ್ತಲೂ ಪ್ಲಾಸ್ಟಿಕ್ ಹಾಳೆ ಬಿಗಿದು ನೋಡಿ. ನೀರು ಜಿನುಗೋದು ನಿಲ್ಲಲ್ಲ, ತಂಪಾಗೋದು ನಿಲ್ಲುತ್ತೆ. ಬುಲೆಟ್‌ಪ್ರೂಫ್ ಜಾಕೆಟ್ ಅಂದರೆ ಎದೆಗೂ ಬೆನ್ನಿಗೂ ಬಿಗಿದ ಅಂಥದೇ ಹಾಳೆ.

ಇಲ್ಲಿ ಹತ್ತಿ ಮತ್ತು ಪಾಲಿಯೆಸ್ಟರ್ ಬೇರೆಬೇರೆ ಥರ ಕೆಲಸ ಮಾಡುತ್ತವೆ. ಸಾಮಾನ್ಯ ಹವೆಯಲ್ಲೇ ಹತ್ತಿಯ ಎಳೆ ತನ್ನ ತೂಕದ ಶೇ. 7-8ರಷ್ಟು ತೇವಾಂಶ ಹೀರಿಕೊಂಡಿರುತ್ತೆ, ಪಾಲಿಯೆಸ್ಟರ್ ಹೀರೋದು ಶೇ. 0.4ರಷ್ಟು. ಹತ್ತಿ ಬನಿಯನ್ ಬೆವರನ್ನ ಕುಡಿದು, ಭಾರವಾಗಿ, ಮೈಗೆ ಅಂಟಿ ಕೂರುತ್ತೆ. ಒದ್ದೆ ಬಟ್ಟೆಯ ಮೇಲೆ ಜಾಕೆಟ್ಟಿನ ಪಟ್ಟಿ ಗಂಟೆಗಟ್ಟಲೆ ತಿಕ್ಕಿದರೆ ಚರ್ಮ ಸುಲಿಯುತ್ತೆ. ಪಾಲಿಯೆಸ್ಟರ್ ಎಳೆ ಕುಡಿಯೋದಿಲ್ಲ, ಆದರೆ ಎಳೆಗಳ ನಡುವಿನ ಸಂದಿಗಳಲ್ಲಿ ಬೆವರು ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಹರಿದು ಹೋಗುತ್ತೆ.

ಈ ಪಾಲಿಯೆಸ್ಟರ್ ಬಟ್ಟೆಯ ಮೂಲ 1941ರ ಇಂಗ್ಲೆಂಡ್. ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ರಸಾಯನ ತಜ್ಞರು ಕಂಡುಹಿಡಿದ ಈ ನೂಲಿಗೆ ಟೆರಿಲೀನ್ ಅಂತ ಹೆಸರಾಯಿತು. ಅದಕ್ಕೆ ಹತ್ತಿ ಬೆರೆಸಿದ್ದೇ ನಾವೆಲ್ಲ ಶಾಲೆಗೆ ತೊಟ್ಟ ಟೆರಿಕಾಟ್. ಬುಲೆಟ್‌ಪ್ರೂಫ್ ಜಾಕೆಟ್ಟಿಗೆ ಬೇಕಾದ ಕೆವ್ಲಾರ್ ಬಂದಿದ್ದು ಡುಪಾಂಟ್ ಕಂಪನಿಯ ಸ್ಟೆಫನಿ ಕ್ವೊಲೆಕ್ 1965ರಲ್ಲಿ ಮಾಡಿದ ಶೋಧದಿಂದ. ಬೆವರು ಸಾಗಿಸಲೆಂದೇ ವಿನ್ಯಾಸ ಮಾಡಿದ ಕೂಲ್‌ಮ್ಯಾಕ್ಸ್ ನೂಲು 1986ರಲ್ಲಿ ಅದೇ ಕಂಪನಿಯಿಂದ ಬಂತು. 1996ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಆಡಿದ್ದ ಕೆವಿನ್ ಪ್ಲ್ಯಾಂಕ್, ಭುಜದ ಪ್ಯಾಡ್‌ಗಳ ಕೆಳಗೆ ಹತ್ತಿಯ ಟೀ-ಶರ್ಟ್ ತೊಯ್ದು ತೊಪ್ಪೆಯಾಗುವುದಕ್ಕೆ ಬೇಸತ್ತು, ಬೆವರು ಹಿಡಿದಿಡದ ಅಂಗಿ ಮಾರಲು ಒಂದು ಕಂಪನಿ ಕಟ್ಟಿದ. ಹೆಸರು ಅಂಡರ್ ಆರ್ಮರ್. ಕನ್ನಡದಲ್ಲಿ ಹೇಳೋದಾದ್ರೆ ‘ಕವಚದ ಕೆಳಗೆ’. ಜಿಮ್ಮಿನಲ್ಲಿ ನಾವು ನೋಡುವ ಆ ಲೋಗೋದ ಹಿಂದೆ ಇರೋದು ನಮ್ಮೂರ ಹುಡುಗ ಕೇಳಿದ ಪ್ರಶ್ನೆಯೇ.

ಅಮೆರಿಕದ ಸೈನಿಕರಿಗೂ ಈ ಅಂಗಿ ಹಿಡಿಸಿತು. ಇರಾಕಿನ ಬಿಸಿಲಿನಲ್ಲಿ, ಜಾಕೆಟ್ ಒಳಗೆ, ಸ್ವಂತ ದುಡ್ಡಲ್ಲಿ ಕೊಂಡು ತೊಟ್ಟರು. ಆಮೇಲೆ ರಸ್ತೆಬದಿಯ ಬಾಂಬ್‌ಗಳು ಸಿಡಿಯತೊಡಗಿದವು. ಪಾಲಿಯೆಸ್ಟರ್ ಸುಮಾರು 255-260 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತೆ. ಕರಗಿದ್ದು ಮೇಣದಂತೆ ಚರ್ಮಕ್ಕೆ ಅಂಟಿ, ಸುಟ್ಟಗಾಯವನ್ನು ಇನ್ನೂ ಆಳಕ್ಕೆ ಇಳಿಸುತ್ತೆ. ಅದನ್ನ ಬಿಡಿಸೋದು ಅಂದರೆ ಗಾಯಾಳುವಿಗೂ ನರಕ, ವೈದ್ಯರಿಗೂ ನರಕ. 2006ರ ಏಪ್ರಿಲ್‌ನಲ್ಲಿ, ಇರಾಕಿನ ಶಿಬಿರಗಳಿಂದ ಹೊರಗೆ ಕಾರ್ಯಾಚರಣೆಗೆ ಹೋಗುವ ಮರೀನ್‌ಗಳು ಪಾಲಿಯೆಸ್ಟರ್, ನೈಲಾನ್ ಅಂಗಿಗಳನ್ನ ತೊಡಬಾರದು ಅಂತ ಆದೇಶ ಬಂತು. ಬೆವರನ್ನ ಗೆದ್ದ ಬಟ್ಟೆ ಬೆಂಕಿಗೆ ಸೋತಿತು.

ಮುಂದೆ ಕಂಡುಕೊಂಡ ದಾರಿ ‘ಕಾಂಬ್ಯಾಟ್ ಶರ್ಟ್’. ಜಾಕೆಟ್ ಮುಚ್ಚುವ ಎದೆ-ಬೆನ್ನಿಗೆ ಬೆಂಕಿ ತಡೆಯುವ ತೆಳು ಹೆಣಿಗೆ ಬಟ್ಟೆ, ಹೊರಗೆ ಕಾಣುವ ತೋಳಿಗೆ ಮಾತ್ರ ಸಮವಸ್ತ್ರದ ದಪ್ಪ ಬಟ್ಟೆ. ನೂಲು ಬೇರೆ ಥರದ್ದು: ಬೆಂಕಿ ನಿರೋಧಕ ರೇಯಾನ್, ಅರಾಮಿಡ್, ಮೊಡಾಕ್ರಿಲಿಕ್‌ಗಳಂಥವು, ಜೊತೆಗೆ ಸ್ವಲ್ಪ ನೈಲಾನ್. ಅರಾಮಿಡ್ ಕರಗೋದೇ ಇಲ್ಲ. ಇದರ ಬೆಲೆ ಮಾತ್ರ ನಮ್ಮ ಕಾನ್‌ಸ್ಟೆಬಲ್ಲಿನ ಕಿಸೆಗೆ ಎಟುಕುವಂಥದಲ್ಲ.

ನಮ್ಮ ದೇಶದಲ್ಲಿ ಚರ್ಚೆ ನಡೆದದ್ದು ಹೆಚ್ಚಾಗಿ ಜಾಕೆಟ್ಟಿನ ಬಗ್ಗೆಯೇ, ಅದು ಬೇಕಿತ್ತು ಕೂಡ. 2008ರ ಮುಂಬೈ ದಾಳಿಯ ನಂತರ ಪೊಲೀಸರ ಜಾಕೆಟ್‌ಗಳ ಗುಣಮಟ್ಟ ದೊಡ್ಡ ಪ್ರಶ್ನೆಯಾಯಿತು. 2018ರಲ್ಲಿ ಸೇನೆಗೆ 1,86,138 ಜಾಕೆಟ್ ಕೊಳ್ಳುವ ಒಪ್ಪಂದವಾಯಿತು, ಅದೇ ವರ್ಷ ಬಿಐಎಸ್ ಇದಕ್ಕೆಂದೇ ಐಎಸ್ 17051 ಎಂಬ ಮಾನದಂಡ ತಂದಿತು. ಡಿಆರ್‌ಡಿಒ ಮತ್ತು ಐಐಟಿ ದೆಹಲಿ 2024ರಲ್ಲಿ ಪ್ರಕಟಿಸಿದ ‘ಅಭೇದ್’ ಜಾಕೆಟ್ಟಿನ ಕನಿಷ್ಠ ತೂಕ, ಮಟ್ಟಕ್ಕೆ ತಕ್ಕಂತೆ, 8.2 ಮತ್ತು 9.5 ಕಿಲೋ. ಹಗುರ ಜಾಕೆಟ್ ಅಂದರೂ ಅಷ್ಟು ಭಾರ. ಕಲಬುರಗಿಯ ಮೇ ತಿಂಗಳಲ್ಲಿ ಅದನ್ನ ಹೊತ್ತು ಎಂಟು ತಾಸು ನಿಲ್ಲೋದನ್ನ ಕಲ್ಪಿಸಿಕೊಳ್ಳಿ.

ಹಾಗಾದರೆ ಊರ ಹುಡುಗರಿಗೆ ಏನು ಹೇಳೋದು? ನಾನು ಹೇಳೋದು ಇಷ್ಟು. ಮೊದಲು ಕೆಲಸ ಯಾವುದು ನೋಡು. ಸ್ಫೋಟ, ಪೆಟ್ರೋಲ್ ಬಾಂಬ್, ವಾಹನಕ್ಕೆ ಬೆಂಕಿ ಬೀಳುವ ಸಂಭವ ಇರುವ ಕಡೆ ಪಾಲಿಯೆಸ್ಟರ್, ನೈಲಾನ್ ಒಳಗೆ ಬೇಡ. ಬೆಂಕಿ ನಿರೋಧಕ ಅಂಗಿ ಸಿಗದಿದ್ದರೆ ತೆಳು ಹತ್ತಿಯೇ ಇರಲಿ, ಒದ್ದೆಯಾದಾಗ ಬದಲಿಸಲು ಚೀಲದಲ್ಲಿ ಇನ್ನೆರಡು ಇರಲಿ. ಹತ್ತಿಗೂ ಬೆಂಕಿ ಹತ್ತುತ್ತೆ, ಆದರೆ ಕರಗಿ ಅಂಟೋದಿಲ್ಲ. ಗೇಟು, ನಾಕಾಬಂದಿ, ಬಂದೋಬಸ್ತ್‌ನಂಥ ಕಡೆ, ಅಂಥ ಭಯ ಕಡಿಮೆ ಇದ್ದರೆ, ಡ್ರೈ-ಫಿಟ್ ಆಗಬಹುದು. ಮೈಗೆ ಹತ್ತಿ ಕೂರುವ ಅಳತೆ ತಗೋ. ಸಡಿಲ ಅಂಗಿ ಜಾಕೆಟ್ ಕೆಳಗೆ ಮಡಿಚಿಕೊಂಡು ಚುಚ್ಚುತ್ತೆ. ಭುಜದ ಮೇಲೆ, ಕಂಕುಳಲ್ಲಿ ದಪ್ಪ ಹೊಲಿಗೆ ಇರಬಾರದು. ತೋಳು, ಕುತ್ತಿಗೆ, ಸೊಂಟದ ಹತ್ತಿರ ಅಂಗಿ ಜಾಕೆಟ್ಟಿನಿಂದ ಸ್ವಲ್ಪ ಹೊರಗೆ ಬರಲಿ. ಪ್ಲೇಟಿನ ಕೆಳಗೆ ಗಾಳಿ ಆಡೋದಿಲ್ಲ, ಹಾಗಾಗಿ ಒಳಗಿನ ಬೆವರು ಹರಿದು ಬಂದು ಒಣಗುವ ಜಾಗ ಆ ಅಂಚುಗಳೇ. ಒಗೆಯುವಾಗ ಫ್ಯಾಬ್ರಿಕ್ ಕಂಡೀಷನರ್ ಹಾಕಬೇಡ, ಎಳೆಗಳ ಮೇಲೆ ಅದರ ಪದರ ಕೂತು ಬೆವರು ಹರಿಯೋದು ಕಮ್ಮಿಯಾಗುತ್ತೆ. ಎಷ್ಟೇ ದುಬಾರಿ ಅಂಗಿ ಹಾಕಿದರೂ ನೀರು ಕುಡಿಯೋದು, ನೆರಳಲ್ಲಿ ಸ್ವಲ್ಪ ಹೊತ್ತು ಜಾಕೆಟ್ ಸಡಿಲಿಸೋದು ತಪ್ಪಿಸಬೇಡ.

ನನಗೆ ಗೊತ್ತಿರುವ ಹುಡುಗರು ಈ ಅಂಗಿಗಳನ್ನ ತಮ್ಮ ಸಂಬಳದಲ್ಲೇ ಕೊಳ್ಳುತ್ತಾರೆ. ಆನ್‌ಲೈನ್ ಸೇಲ್‌ನಲ್ಲಿ ಮೂರಕ್ಕೆ 999 ಅಂತ ಸಿಕ್ಕಿದ್ದು, ‘ಟ್ಯಾಕ್ಟಿಕಲ್’ ಅಂತ ಹೆಸರು ಅಂಟಿಸಿದ್ದು, ಒಳಗೆ ಲೇಬಲ್ ನೋಡಿದರೆ ಶೇ. 100 ಪಾಲಿಯೆಸ್ಟರ್. ಜಾಕೆಟ್ಟಿಗೆ ಗುಂಡು ಹೊಡೆದು ಪರೀಕ್ಷೆ ಮಾಡುವ ನಾವು, ಅದರ ಒಳಗಿನ ಅಂಗಿಯನ್ನೂ ಜಾಕೆಟ್ಟಿನ ಭಾಗ ಅಂತಲೇ ಲೆಕ್ಕ ಹಿಡಿದು, ಜಾಕೆಟ್ಟಿನ ಜೊತೆಗೇ ಕೊಡಬೇಕು. ಅಲ್ಲಿಯವರೆಗೆ, ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಆಫೀಸಿನ ಗೇಟಿನಲ್ಲಿ ಇಂಥ ಜಾಕೆಟ್ ಹೊರುವವರು ಯಾರಾದರೂ ಇದ್ದರೆ, ಹಬ್ಬಕ್ಕೆ ಅಂಗಿ ಕೊಡಿಸುವ ಮುಂಚೆ ಅವರ ಡ್ಯೂಟಿ ಎಂಥದು ಅಂತ ಕೇಳಿ, ಆಮೇಲೆ ಲೇಬಲ್ ಓದಿ.