ಹಳೆ ನಾಣ್ಯದ ಆನ್‌ಲೈನ್ ಹರಾಜು: ಏರಿದ ಬೆಲೆ, ಅಂಚೆ ವಿಮೆಯ ಬಲೆ

ವಿಜಯಪುರ: ಆದಿಲ್‌ಶಾಹಿ ಅರಸರ ರಾಜಧಾನಿಯಾಗಿದ್ದ ವಿಜಯಪುರದ ನಾಣ್ಯಗಳಿಗೆ ಸಂಗ್ರಾಹಕರಲ್ಲಿ ಬೇಡಿಕೆಯಿದೆ. ಬೆಳ್ಳಿಯ ತಂತಿಯನ್ನು ಎರಡಾಗಿ ಬಗ್ಗಿಸಿ ಮುದ್ರೆ ಒತ್ತಿದ, ಎರಡನೇ ಅಲಿ ಆದಿಲ್‌ಶಾಹನ (1656-1672) ಕಾಲದ ‘ಲಾರಿ’ ನಾಣ್ಯ ಇದಕ್ಕೆ ನಿದರ್ಶನ. ಇಂತಹ ವಸ್ತುಗಳು ಅಂತರ್ಜಾಲದ ಹರಾಜಿಗೆ ಬಂದಾಗ ಕೊಳ್ಳುವವರೂ ಮಾರುವವರೂ ಅರಿಯಬೇಕಾದ ಸಂಗತಿ ಒಂದಿದೆ: ಹರಾಜಿನ ಕೊನೆಯ ಕೂಗಾಗಲಿ, ಅಂಚೆ ರಸೀದಿಯ ವಿಮಾ ಮೊತ್ತವಾಗಲಿ ವಸ್ತುವಿನ ನಿಜಬೆಲೆಗೆ ಸಾಕ್ಷಿಯಲ್ಲ.

ಬೆಲೆ ಏರುವ ಬಗೆ

ಎಪಿಎಂಸಿ ಲಿಲಾವಿನಲ್ಲಿ ಕೂಗುವವರ ಮುಖ ಕಾಣುತ್ತದೆ. ಅಂತರ್ಜಾಲದಲ್ಲಿ ಕಾಣುವುದು ಬಳಕೆದಾರನ ಹೆಸರು ಮಾತ್ರ. ಮಾರಾಟಗಾರನೇ ಬೇರೆ ಹೆಸರುಗಳಲ್ಲಿ, ಇಲ್ಲವೇ ಗೆಳೆಯರ ಮೂಲಕ ಕೂಗಿ ದರ ಏರಿಸಬಲ್ಲ. 2000ರಲ್ಲಿ ‘ಇಬೇ’ ತಾಣದಲ್ಲಿ ಅಮೆರಿಕದ ವಕೀಲನೊಬ್ಬ ಮಾರಾಟಕ್ಕಿಟ್ಟ ಚಿತ್ರವೊಂದು 1,35,805 ಡಾಲರ್‌ಗೆ ಏರಿತ್ತು. ಕೂಗಿದವರಲ್ಲಿ ಆತನ ಕಡೆಯವರೂ ಇದ್ದುದು ಬಯಲಾಗಿ ಮಾರಾಟ ರದ್ದಾಯಿತು. 2001ರಲ್ಲಿ ಆತ ತಪ್ಪೊಪ್ಪಿಕೊಂಡ.

ವಿಮೆ ಯಾವುದಕ್ಕೆ?

ಇಂತಹ ಕೃತಕ ದರವನ್ನೇ ಆಧಾರವಾಗಿ ತೋರಿಸಿ ಅಗ್ಗದ ವಸ್ತುವಿಗೆ ಭಾರಿ ಮೊತ್ತದ ವಿಮೆ ಮಾಡಿಸುವುದು, ಬಳಿಕ ‘ಪೊಟ್ಟಣ ಕಳೆಯಿತು’, ‘ಖಾಲಿ ಬಂತು’ ಎಂದು ಪರಿಹಾರ ಕೇಳುವುದು ವಂಚನೆಯ ಮುಂದಿನ ಹೆಜ್ಜೆ. ಆದರೆ ವಿಮಾ ಮೊತ್ತ ವಸ್ತುವಿನ ನೈಜ ಮೌಲ್ಯವನ್ನು ಮೀರುವಂತಿಲ್ಲ. ಪರಿಹಾರವೂ ಆದ ನಷ್ಟದಷ್ಟೇ. ಅಂಚೆ ವಿಮೆ ಸಾಗಣೆಯಲ್ಲಿನ ನಷ್ಟಕ್ಕೆ ಹೊಣೆಯೇ ಹೊರತು ನಾಣ್ಯ ಅಸಲಿ ಎಂಬುದಕ್ಕಲ್ಲ.

ಇನ್ನೊಂದು ಬಗೆಯಲ್ಲಿ ಮಾರುವವರೇ ಬಲಿಪಶುಗಳು. ‘ನಿಮ್ಮ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆ ಬಂದಿದೆ, ವಿಮಾ ಶುಲ್ಕ ಮತ್ತು ತೆರಿಗೆ ಮೊದಲು ಕಳುಹಿಸಿ’ ಎಂಬ ಕರೆ ಬರುತ್ತದೆ. 2021ರ ಜೂನ್‌ನಲ್ಲಿ ಬೆಂಗಳೂರಿನ ಶಿಕ್ಷಕಿಯೊಬ್ಬರು 1947ರ ನಾಣ್ಯಕ್ಕೆ ಒಂದು ಕೋಟಿ ರೂಪಾಯಿ ಸಿಗುವುದೆಂಬ ಮಾತು ನಂಬಿ, ತೆರಿಗೆಯ ನೆಪಕ್ಕೆ ಒಂದು ಲಕ್ಷ ಕಳೆದುಕೊಂಡಿದ್ದರು. ಅದೇ ವರ್ಷ ಆಗಸ್ಟ್ 4ರಂದು ರಿಸರ್ವ್ ಬ್ಯಾಂಕ್, ಹಳೆ ನೋಟು-ನಾಣ್ಯಗಳ ವ್ಯವಹಾರದಲ್ಲಿ ತಾನು ತೊಡಗುವುದಿಲ್ಲ, ಶುಲ್ಕ ಕೇಳುವುದಿಲ್ಲ, ಯಾರಿಗೂ ಅಧಿಕಾರ ನೀಡಿಲ್ಲ ಎಂದು ಎಚ್ಚರಿಸಿತು. ನಿಜವಾದ ಅಂಚೆ ವಿಮೆಯ ಶುಲ್ಕವನ್ನು ಕಳುಹಿಸುವವರು ಅಂಚೆ ಕಚೇರಿಯಲ್ಲಿ ಕಟ್ಟಿ ರಸೀದಿ ಪಡೆಯುತ್ತಾರೆ. ಅಪರಿಚಿತರ ಖಾತೆಗೆ ಅದು ಹೋಗುವುದಿಲ್ಲ.

ಹೊಲದಲ್ಲಿ ಸಿಕ್ಕರೆ

ತಿಕೋಟಾ, ಬಬಲೇಶ್ವರ ಭಾಗದ ಹೊಲದಲ್ಲಿ ಉಳುಮೆ ವೇಳೆ ನಾಣ್ಯದ ಗಡಿಗೆ ಸಿಕ್ಕರೆ ಅದನ್ನು ಹರಾಜಿಗಿಡುವಂತಿಲ್ಲ. ನಿಧಿಯ ಕುರಿತ 1962ರ ಕರ್ನಾಟಕ ಕಾಯ್ದೆಯಂತೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ನೂರು ವರ್ಷ ಮೀರಿದ ನಾಣ್ಯಗಳು 1972ರ ಪುರಾತನ ವಸ್ತು ಕಾಯ್ದೆಗೆ ಒಳಪಡುತ್ತವೆ; ಖಾಸಗಿಯವರು ಅವನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ.

ಎಚ್ಚರಿಕೆಯ ಕ್ರಮಗಳು

* ಒಂದೇ ಹರಾಜಿನ ದರ ನಂಬದೆ, ಅದೇ ಬಗೆಯ ನಾಣ್ಯದ ಹಿಂದಿನ ಮಾರಾಟಗಳನ್ನು ಹೋಲಿಸಬೇಕು.
* ಒಬ್ಬನೇ ಮಾರಾಟಗಾರನ ವಸ್ತುಗಳಿಗೆ ಅದೇ ಕೆಲವರು ಮತ್ತೆ ಮತ್ತೆ ಕೂಗುತ್ತಿದ್ದರೆ ದೂರವಿರಬೇಕು.
* ಪೊಟ್ಟಣದ ತೂಕವನ್ನು ರಸೀದಿಯೊಂದಿಗೆ ತಾಳೆ ನೋಡಬೇಕು. ಮೊಹರು ಒಡೆದಿದ್ದರೆ ಸಹಿ ಮಾಡುವ ಮುನ್ನವೇ ಅಂಚೆ ಸಿಬ್ಬಂದಿಗೆ ತೋರಿಸಬೇಕು.
* ಪೊಟ್ಟಣ ಬಿಚ್ಚುವುದನ್ನು ಚಿತ್ರೀಕರಿಸಿ, ಹೊದಿಕೆಯನ್ನು ಕಾದಿಡಬೇಕು.

ಹಣ ಕಳೆದುಕೊಂಡವರು ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು. ವಂಚನೆಯ ಹಣ ಖಾತೆಯಿಂದ ಖಾತೆಗೆ ಜಾರುವ ಮೊದಲೇ ತಡೆಹಿಡಿಯಲು ಮೊದಲ ಕೆಲವು ಗಂಟೆಗಳೇ ನಿರ್ಣಾಯಕ.